ಗ್ಯಾಸ್ ಬಂದರೂ ಕಟ್ಟಿಗೆ ಒಲೆ ಯಾಕೆ ಆರಿಲ್ಲ?

[ದೃಶ್ಯ: ರಾಯಚೂರು ಜಿಲ್ಲೆ, ಮಾನ್ವಿ ಕಡೆಯ ಹಳ್ಳಿ. ಮನೆ ಮುಂದೆ ಹತ್ತಿ ಕಟ್ಟಿಗೆಯ ಬಣವೆ.]

ನಮಸ್ಕಾರ. ಈ ಬಣವೆ ನೋಡಿ. ಹತ್ತಿ ಬಿಡಿಸಿದ ಮೇಲೆ ಕಿತ್ತ ಗಿಡಗಳು. ಇಲ್ಲಿ ಎಷ್ಟೋ ಮನೆಗಳಿಗೆ ಇದೇ ಉರುವಲು. ಇದು ಮುಗಿದರೆ ಬಳ್ಳಾರಿ ಜಾಲಿ ಇದ್ದೇ ಇದೆ.

[ದೃಶ್ಯ: ಅಡುಗೆಮನೆ. ಮಸಿ ಹಿಡಿದ ಗೋಡೆ. ಗ್ಯಾಸ್ ಒಲೆಗೆ ಬಟ್ಟೆ ಹೊದಿಸಿದೆ.]

ಗ್ಯಾಸ್ ಇದೆ. ಆದರೆ ಚಹಾ ಕಾಯಿಸೋಕೆ, ನೆಂಟರು ಬಂದಾಗ, ಅಷ್ಟೇ. ಜೋಳದ ರೊಟ್ಟಿ, ಸ್ನಾನದ ನೀರು ಎಲ್ಲಾ ಕಟ್ಟಿಗೆ ಒಲೆ ಮೇಲೆ. ಯಾಕಕ್ಕಾ ಅಂತ ಕೇಳಿದರೆ, "ಒಮ್ಮೆಗೇ ಅಷ್ಟು ರೊಕ್ಕ ಎಲ್ಲಿಂದ ತರ್ಲಿ?" ಅಂತಾರೆ.

ಆ "ಒಮ್ಮೆಗೇ" ಅನ್ನೋ ಮಾತು ಹಿಡಿದುಕೊಳ್ಳಿ.

ಉಜ್ವಲ ಯೋಜನೆ ಶುರುವಾಗಿದ್ದು 2016ರ ಮೇ 1ಕ್ಕೆ. ಠೇವಣಿ ಇಲ್ಲದೆ ಬಡವರ ಮನೆಗೆ ಗ್ಯಾಸ್ ಬಂತು. ದೊಡ್ಡ ಕೆಲಸವೇ. 2023ರ ಅಕ್ಟೋಬರ್‌ನಲ್ಲಿ 14.2 ಕೆಜಿ ಸಿಲಿಂಡರ್‌ನ ಸಬ್ಸಿಡಿಯನ್ನು 300 ರೂಪಾಯಿಗೆ ಏರಿಸಿದರು. ಆದರೆ ಮೊದಲು ಪೂರ್ತಿ ದುಡ್ಡು ಕೊಡಬೇಕು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ. ಮನೆಯ ಸಿಲಿಂಡರ್ ಹೋಟೆಲ್ ಪಾಲಾಗಬಾರದು ಅಂತ ಮಾಡಿದ್ದು, ಸರಿ. ಆದರೆ ದಿನಗೂಲಿ ಮನೆಗೆ ಆ ಮೊದಲ ದುಡ್ಡೇ ಕಷ್ಟ ಅಲ್ವಾ?

ಕಟ್ಟಿಗೆ ಪುಕ್ಕಟೆ ಅಂತೀವಿ. ಜಾಲಿ ಕಡಿದು, ಹೊತ್ತು ತರೋಕೆ ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನದ ಕೂಲಿ ಯಾವ ಲೆಕ್ಕದಲ್ಲೂ ಇಲ್ಲ. ಹೊಗೆಯಿಂದ ಬರೋ ಕೆಮ್ಮು, ಕಣ್ಣುರಿ, ಪಕ್ಕದಲ್ಲೇ ಕೂತ ಮಗುವಿನ ಎದೆ, ಅದೂ ಇಲ್ಲ. ನನಗೆ ಜಾಸ್ತಿ ನೋವಾಗೋದು ಇಲ್ಲೇ.

[ದೃಶ್ಯ: ಮಣ್ಣಿನ ಒಲೆ, ಹೊಗೆ ಕೊಳವೆ.]

ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೋ, ಮೈಕಲ್ ಗ್ರೀನ್‌ಸ್ಟೋನ್, ರೆಮಾ ಹಾನ್ನಾ, ಹೊಗೆ ಹೊರಗೆ ಹೋಗೋಕೆ ಕೊಳವೆ ಇರೋ ಸುಧಾರಿತ ಕಟ್ಟಿಗೆ ಒಲೆಗಳನ್ನು ನಾಲ್ಕು ವರ್ಷದವರೆಗೆ ಬೆನ್ನು ಹತ್ತಿ ನೋಡಿದರು. ಮೊದಲ ವರ್ಷ ಒಳಗೆ ಹೋಗೋ ಹೊಗೆ ಕಡಿಮೆಯಾಯಿತು. ಆಮೇಲೆ ಒಲೆ ಬಿರುಕು ಬಿಟ್ಟರೂ ರಿಪೇರಿ ಮಾಡಿಸಲಿಲ್ಲ, ಬಳಸೋದೂ ಕಡಿಮೆಯಾಯಿತು. ಕೊನೆಗೆ ಆರೋಗ್ಯದಲ್ಲಿ ವ್ಯತ್ಯಾಸವಿಲ್ಲ, ಕಟ್ಟಿಗೆ ಉಳಿತಾಯವೂ ಆಗಲಿಲ್ಲ. ಲ್ಯಾಬಿನಲ್ಲಿ ಚೆನ್ನಾಗಿ ಉರಿದ ಒಲೆಯೇ ಅದು. ಹಾಗಾಗಿ ಎಷ್ಟು ಮನೆಗೆ ಕೊಟ್ಟೆವು ಅಂತ ಎಣಿಸೋದು ಸಾಲದು. ವರ್ಷಕ್ಕೆ ಎಷ್ಟು ಸಲ ಸಿಲಿಂಡರ್ ತುಂಬಿಸಿದರು ಅಂತ ಕೇಳಬೇಕು.

ಉಜ್ವಲದಲ್ಲಿ 5 ಕೆಜಿ ಸಿಲಿಂಡರ್ ಕೂಡ ಇದೆ, ಒಮ್ಮೆಗೇ ಕೊಡಬೇಕಾದ ದುಡ್ಡು ಕಡಿಮೆ, ಅದಕ್ಕೂ ತೂಕದ ಲೆಕ್ಕದಲ್ಲಿ ಸಬ್ಸಿಡಿ ಸಿಗುತ್ತದೆ. ಅಕ್ಕನಿಗೆ ಹೇಳಿದೆ. ರೊಟ್ಟಿ ಬಡಿಯೋದು ನಿಲ್ಲಿಸಿ, "ಹಂಗಾರ ಸಂತಿ ದಿನ ಕೂಲಿ ಬಂದಾಗ ತರಬಹುದು" ಅಂದರು.