ನಿನ್ನೆ ಏನು ತಿಂದ್ರಿ ಅಂತ ಬರೆದಿಡುವವರು ಯಾರು?

ನಮಸ್ಕಾರ. ಅರಿಶಿನ ತಿಂದರೆ ಕ್ಯಾನ್ಸರ್ ಬರಲ್ಲ, ಸಕ್ಕರೆ ಬಿಟ್ಟರೆ ಗಡ್ಡೆ ಕರಗುತ್ತದೆ ಅನ್ನುವ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ, ಅಲ್ವಾ? ಇವತ್ತು ಆ ಮೆಸೇಜಿನ ಜಗಳ ಬೇಡ. ಇಂಥದ್ದನ್ನು ಪರೀಕ್ಷಿಸಿ ಹೌದು ಅಥವಾ ಇಲ್ಲ ಅನ್ನಲು ನಮ್ಮ ವಿಜ್ಞಾನಿಗಳ ಕೈಯಲ್ಲಿ ಏನಿದೆ? ನನ್ನ ತಕರಾರು ಅದರ ಬಗ್ಗೆ.

ಮೊದಲು ಫಿನ್ಲೆಂಡಿನ ಕಥೆ ಕೇಳಿ. ಹಣ್ಣು ತರಕಾರಿ ಜಾಸ್ತಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಆಗ ಕಾಣುತ್ತಿತ್ತು. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್ನೇ ಇದಕ್ಕೆ ಕಾರಣ ಇರಬೇಕು ಅಂದುಕೊಂಡರು. ಸಿಗರೇಟು ಸೇದುವ 29,133 ಗಂಡಸರನ್ನು ಆರಿಸಿ, ಅರ್ಧ ಜನಕ್ಕೆ ಅದರ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾದರು. 1994ರಲ್ಲಿ ಫಲಿತಾಂಶ ಬಂತು. ಆ ಮಾತ್ರೆ ತಿಂದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ! ಯಾರಿಗೆ ಕ್ಯಾನ್ಸರ್ ಬಂತು ಅನ್ನುವುದು ಗೊತ್ತಾದದ್ದು ಆ ದೇಶದ ಕ್ಯಾನ್ಸರ್ ನೋಂದಣಿ ಪುಸ್ತಕದಿಂದ. ಅದಿಲ್ಲದಿದ್ದರೆ ಆ ಮಾತ್ರೆ ಇವತ್ತಿಗೂ 'ಕ್ಯಾನ್ಸರ್ ತಡೆಯುತ್ತದೆ' ಅಂತ ಮಾರಾಟವಾಗುತ್ತಿತ್ತೋ ಏನೋ.

ನಮ್ಮಲ್ಲೂ ಆ ನೋಂದಣಿ ಇದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಿಂದ ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ಲೆಕ್ಕ ಇಡುತ್ತಿದ್ದಾರೆ. ಬೆಂಗಳೂರಿನದ್ದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ. ಅಂದರೆ ಕ್ಯಾನ್ಸರ್ ಯಾರಿಗೆ ಬಂತು ಅನ್ನುವುದು ನಮಗೆ ಗೊತ್ತು. ಅವರು ಅದಕ್ಕೂ ಇಪ್ಪತ್ತು ವರ್ಷ ಮುಂಚೆ ಏನು ತಿನ್ನುತ್ತಿದ್ದರು? ಅದೇ ಗೊತ್ತಿಲ್ಲ.

ಊಟದ ಲೆಕ್ಕ ಬರೆದುಕೊಳ್ಳುವುದು ಸುಮ್ನೆ ಅಲ್ಲ. ಸರ್ವೆಯವರು ಅಳತೆಯ ಬಟ್ಟಲುಗಳನ್ನು ಹಿಡಿದು ಮನೆಗೆ ಬರುತ್ತಾರೆ. "ನಿನ್ನೆ ಬೆಳಗ್ಗೆಯಿಂದ ಏನೇನು ತಿಂದ್ರಿ ಅಮ್ಮಾ?" "ಮುದ್ದೆ, ಸೊಪ್ಪಿನ ಸಾರು." ಮುದ್ದೆ ಎಷ್ಟು ದಪ್ಪ? ಒಗ್ಗರಣೆಗೆ ಎಣ್ಣೆ ಎಷ್ಟು? "ಅದೆಲ್ಲ ಕಣ್ಣಳತೆ ಕಣಪ್ಪ." ಸಂಜೆ ಕೆಲಸದ ಮಧ್ಯೆ ಬಾಯಿಗೆ ಹಾಕಿಕೊಂಡ ಕಡ್ಲೆಪುರಿ ನೆನಪಿಗೇ ಬರುವುದಿಲ್ಲ. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ತಿಂದ ಹೆಂಗಸಿನ ಪಾಲನ್ನು ಯಾವ ಬಟ್ಟಲಲ್ಲಿ ಅಳೆಯುತ್ತೀರಿ? ಎಲೆ ಅಡಿಕೆ ಹಾಕ್ತೀರಾ ಅಂತ ಬೇರೆಯಾಗಿ ಕೇಳದಿದ್ದರೆ ಅದೂ ಬಿಟ್ಟುಹೋಗುತ್ತದೆ, ಯಾಕೆಂದರೆ ಅವರ ಲೆಕ್ಕದಲ್ಲಿ ಅದು ಊಟವೇ ಅಲ್ಲ. ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಟ್ಟಿರುವುದು ಅದೇ ಅಡಿಕೆಯನ್ನು. ಮಲೆನಾಡಿನವರು ಬೈಯಬೇಡಿ, ಪಟ್ಟಿ ನನ್ನದಲ್ಲ.

ಇನ್ನು ತಿಂದದ್ದರಲ್ಲಿ ಏನೇನಿದೆ ಅನ್ನುವುದಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಕೋಷ್ಟಕ ಇದೆ. 528 ಆಹಾರ ಪದಾರ್ಥಗಳು, 151 ಅಂಶಗಳು. ಅದ್ಭುತ ಕೆಲಸ. ಆದರೆ ಅದರಲ್ಲಿರುವುದು ಹೆಚ್ಚಾಗಿ ಹಸಿ ಪದಾರ್ಥದ ಲೆಕ್ಕ. ಬೆಂದ ಬಸ್ಸಾರಿನದ್ದನ್ನು ಸಂಶೋಧಕರೇ ಕೂಡಿ ಕಳೆದು ಹಾಕಿಕೊಳ್ಳಬೇಕು.

ಯುರೋಪಿನವರು 1992ರಿಂದ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರ ಊಟದ ವಿವರ ಬರೆದುಕೊಂಡರು. ಬಹುತೇಕರ ರಕ್ತವನ್ನೂ ದ್ರವ ಸಾರಜನಕದಲ್ಲಿ ಇಟ್ಟರು. ಇವತ್ತು ಯಾರಿಗೇ ಹೊಸ ಅನುಮಾನ ಬಂದರೂ ಆ ರಕ್ತವನ್ನು ತೆಗೆದು ನೋಡಬಹುದು. ನಾವು ಏನು ಮಾಡಿದೆವು ಗೊತ್ತಾ? 1972ರಿಂದ ಹಳ್ಳಿಹಳ್ಳಿ ಸುತ್ತಿ ಜನ ಏನು ತಿನ್ನುತ್ತಾರೆ ಅಂತ ಬರೆದಿಡುತ್ತಿದ್ದ ರಾಷ್ಟ್ರೀಯ ಪೋಷಣಾ ನಿಗಾ ಮಂಡಳಿಯನ್ನು 2015ರಲ್ಲಿ ಮುಚ್ಚಿದೆವು. ಹೊಸ ಕ್ಯಾನ್ಸರ್ ಆಸ್ಪತ್ರೆ ಅಂದರೆ ಚಪ್ಪಾಳೆ ಬೀಳುತ್ತದೆ. ಬಟ್ಟಲು ಹಿಡಿದು ಮನೆಮನೆ ಸುತ್ತುವವರ ಸಂಬಳಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಮಂಡಳಿಯನ್ನು ಮತ್ತೆ ತೆರೆಯಲಿ. ಈ ಸಲ ಒಂದೇ ಸಲ ಕೇಳಿ ಬಿಟ್ಟುಬಿಡದೆ, ಅದೇ ಜನರನ್ನು ಇಪ್ಪತ್ತು ವರ್ಷ ಕೇಳುತ್ತಾ ಹೋಗಲಿ. ಬೆಂಗಳೂರಿನಿಂದಲೇ ಶುರುಮಾಡಬಹುದು, ನೋಂದಣಿ ಇಲ್ಲಿ ಹೇಗೂ ಇದೆ.