ವ್ಯಾನಿನೊಳಗೆ ಬಿಸಿನೀರು: ಹೊಗೆ ಎಲ್ಲಿಗೆ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ.

ಕಾರವಾರದಲ್ಲಿ ಗೀಸರ್ ಕೂರಿಸುತ್ತ, ರಿಪೇರಿ ಮಾಡುತ್ತ ನನಗೆ 20 ವರ್ಷ ದಾಟಿತು. ಈಚೆಗೆ ಹೊಸ ಥರದ ಗಿರಾಕಿಗಳು ಬರುತ್ತಿದ್ದಾರೆ. ಟೆಂಪೋ ಟ್ರಾವೆಲರ್ ತಗೊಂಡು, ಸೀಟು ಕಿತ್ತು, ಒಳಗೆ ಹಾಸಿಗೆ, ಒಲೆ, ಒಂದು ಪುಟ್ಟ ಬಚ್ಚಲು ಮಾಡಿಸಿಕೊಂಡವರು. ಗೋಕರ್ಣ, ಮುರ್ಡೇಶ್ವರ, ಯಾಣ ಅಂತ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ತಿರುಗುತ್ತಾರೆ. ತುಂಬ ಖುಷಿಯ ವಿಷಯ. ಆದರೆ ಬಂದವರೆಲ್ಲ ಕೇಳುವುದು ಎರಡೇ ಮಾತು. ಯಾವ ಕಂಪನಿ ಒಳ್ಳೇದು? ಎಷ್ಟಾಗುತ್ತದೆ? ನಾನು ತಿರುಗಿ ಕೇಳುವುದು ಒಂದೇ. ಹೊಗೆ ಎಲ್ಲಿಗೆ ಹೋಗುತ್ತದೆ?

ನಮ್ಮ ಹಳೆಯ ಮನೆಗಳ ಬಚ್ಚಲು ನೆನಪು ಮಾಡಿಕೊಳ್ಳಿ. ಒಲೆ, ಮೇಲೆ ಹಂಡೆ, ಕೆಳಗೆ ಅಡಿಕೆ ಸೋಗೆ, ತೆಂಗಿನ ಸಿಪ್ಪೆ. ಬಚ್ಚಲು ಇರುತ್ತಿದ್ದದ್ದು ಮನೆಯ ಹಿಂಬದಿಗೆ. ಮೇಲೆ ಹಂಚು, ಹಂಚಿನ ಸಂದಿಯಲ್ಲೆಲ್ಲ ಹೊಗೆ ಹೊರಗೆ. ಕಣ್ಣು ಉರಿಯುತ್ತಿತ್ತು, ಅಷ್ಟೇ. ಈಗ ಅದೇ ಬೆಂಕಿಯನ್ನು ನಾವು ನಾಲ್ಕು ಕಡೆ ತಗಡು ಬಡಿದ ಗಾಡಿಯೊಳಗೆ ತಂದು ಬಾಗಿಲು ಹಾಕಿಕೊಳ್ಳುತ್ತೇವೆ. ಗ್ಯಾಸಿನ ಹೊಗೆ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಹೊಗೆಯೇ ಇಲ್ಲ ಅಂದುಕೊಳ್ಳುತ್ತೇವೆ.

ನಮ್ಮ ಮನೆಯಲ್ಲೇ ಆದ ಒಂದು ವಿಷಯ ಹೇಳುತ್ತೇನೆ.

ನನ್ನ ಅಕ್ಕನನ್ನು ಕೊಟ್ಟಿದ್ದು ಶಿರಸಿ ಕಡೆಗೆ. ಭಾವನದು ಅಡಿಕೆ ತೋಟ. ಒಂದು ದೀಪಾವಳಿಗೆ ಮುಂಚೆ ಭಾವ ಹಳೆಯ ವ್ಯಾನ್ ತಗೊಂಡು ಬೇರೆ ಊರಲ್ಲಿ ಕೆಲಸ ಮಾಡಿಸಿದರು. ಮನೆ ಬಚ್ಚಲಿಗೆ ಹಾಕುವ ಗ್ಯಾಸ್ ಗೀಸರ್ ಇರುತ್ತದಲ್ಲ, ಗೋಡೆಗೆ ನೇತುಹಾಕುವಂಥದ್ದು, ಅದನ್ನೇ ವ್ಯಾನಿನ ಬಚ್ಚಲೊಳಗೆ ಕೂರಿಸಿದ್ದರು. ಹೊಗೆ ಕೊಳವೆ ಇಲ್ಲ. ತಲೆಯ ಮೇಲೆ ಒಂದು ಗಾಳಿಕಿಂಡಿ ಇದೆ, ಸಾಕು ಅಂದರಂತೆ. ಯುಗಾದಿವರೆಗೂ ಎಲ್ಲರೂ ಅದರಲ್ಲೇ ಸ್ನಾನ ಮಾಡಿದರು, ಯಾರಿಗೂ ಏನೂ ಆಗಲಿಲ್ಲ. ಮುಂದೆ ಮಳೆ ಹಿಡಿಯಿತು. ಕಿಂಡಿ ಸೋರತೊಡಗಿತು. ಭಾವ ಅದಕ್ಕೆ ಟೇಪ್ ಸುತ್ತಿ ಮುಚ್ಚಿಬಿಟ್ಟರು.

ಆಷಾಢದಲ್ಲಿ ನಮ್ಮ ಮನೆಗೆ ಬಂದರು. ಅಂಗಳದಲ್ಲೇ ವ್ಯಾನ್ ನಿಲ್ಲಿಸಿದರು. ಮನೆ ಬಚ್ಚಲಲ್ಲೇ ಸ್ನಾನ ಮಾಡಿ ಅಂದೆ, ಅಕ್ಕನ ಮಗಳು ಕೇಳಲಿಲ್ಲ. 14 ವರ್ಷ ಅವಳಿಗೆ, ಆ ವ್ಯಾನ್ ಅಂದರೆ ಪ್ರಾಣ. ಒಳಗೆ ಹೋಗಿ ನೀರು ಬಿಟ್ಟುಕೊಂಡು ಹಾಡುತ್ತಿದ್ದಳು. ನಾನು ಜಗುಲಿಯಲ್ಲಿ ಕೂತು ಕೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹಾಡು ನಿಂತಿತು, ನೀರು ಬೀಳುವ ಸದ್ದು ಮಾತ್ರ ಹಾಗೇ ಇತ್ತು. ಅಕ್ಕ ಕರೆದಳು. ಉತ್ತರ ಇಲ್ಲ. ಮತ್ತೆ ಕರೆದಳು. ಭಾವ ಓಡಿಹೋಗಿ ಪ್ಲೈವುಡ್ ಬಾಗಿಲು ಒದ್ದರು, ಹುಡುಗಿ ಗೋಡೆಗೆ ಒರಗಿಕೊಂಡು ಕುಸಿದಿದ್ದಾಳೆ, ಕಣ್ಣು ಅರ್ಧ ಮುಚ್ಚಿದೆ, ಮೈ ಮೇಲೆ ಬಿಸಿನೀರು ಬೀಳುತ್ತಲೇ ಇದೆ. ಅಕ್ಕ ಸೀರೆ ಸುತ್ತಿದಳು, ಎತ್ತಿಕೊಂಡು ಮಳೆಯಲ್ಲೇ ಹೊರಗೆ ತಂದೆವು. ಗಾಳಿಗೆ ಬಂದು ಸ್ವಲ್ಪ ಹೊತ್ತಿಗೆ ಕೈ ಆಡಿಸಿದಳು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಎರಡು ದಿನ ತಲೆನೋವು, ವಾಂತಿ. ಉಳಿದಳು. ಭಾವ ಆ ರಾತ್ರಿಯೆಲ್ಲ ಒಂದೇ ಮಾತು ಹೇಳುತ್ತಿದ್ದರು, ‘ಗ್ಯಾಸ್ ವಾಸನೆಯೇ ಬರಲಿಲ್ಲ ಮಾರಾಯ, ವಾಸನೆಯೇ ಬರಲಿಲ್ಲ.’

ಬರುವುದಿಲ್ಲ! ಸಿಲಿಂಡರಿನ ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಉರಿದ ಮೇಲೆ ಆ ವಾಸನೆ ಇಲ್ಲ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಉಸಿರಾಡಿದರೂ ಪ್ರಯೋಜನ ಕಡಿಮೆ.

ಲೆಕ್ಕ ನೋಡಿ. ನಿಮಿಷಕ್ಕೆ 6 ಲೀಟರ್ ಬಿಸಿ ಮಾಡುವ ಗೀಸರ್ ಗಂಟೆಗೆ ಹೆಚ್ಚು ಕಡಿಮೆ 1 ಕೆಜಿ ಗ್ಯಾಸ್ ಉರಿಸುತ್ತದೆ. 10 ನಿಮಿಷದ ಸ್ನಾನಕ್ಕೆ ಅದಕ್ಕೆ ಬೇಕಾಗುವ ಗಾಳಿ ಸುಮಾರು 2 ಘನ ಮೀಟರ್. ವ್ಯಾನಿನ ಬಚ್ಚಲಲ್ಲಿ ಒಟ್ಟು ಇರುವ ಗಾಳಿಯೇ ಒಂದೂವರೆ ಘನ ಮೀಟರ್! ಒಳಗೆ ನಿಂತ ಮನುಷ್ಯನೂ ಅದರಲ್ಲೇ ಉಸಿರಾಡಬೇಕಲ್ವಾ?

ಹಾಗಾಗಿ ಗ್ಯಾಸ್ ಅಥವಾ ಡೀಸೆಲ್ ಹೀಟರ್ ಹಾಕಿಸುವುದಾದರೆ ಗಾಡಿಗೆಂದೇ ಮಾಡಿದ್ದನ್ನೇ ಹಾಕಿಸಿ. ಅದರಲ್ಲಿ ಉರಿಯುವ ಜಾಗ ಪೂರ್ತಿ ಮುಚ್ಚಿದ ಡಬ್ಬಿ. ಗಾಳಿ ಹೊರಗಿನಿಂದ ಬರುತ್ತದೆ, ಹೊಗೆ ಹೊರಗೇ ಹೋಗುತ್ತದೆ, ನೀವು ಮಲಗುವ ಕೋಣೆಯ ಗಾಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಹೊರದೇಶದ ಟ್ರೂಮಾ, ಸಬರ್ಬನ್ ಕಂಪನಿಗಳು ಇಂಥದ್ದನ್ನು ಮಾಡುತ್ತವೆ. ದುಬಾರಿ, ಹೌದು. ಆದರೆ ಅಗ್ಗಕ್ಕೆ ಸಿಗುತ್ತದೆ ಅಂತ ಮನೆ ಗೀಸರ್ ತಂದು ‘ಇದನ್ನೇ ಒಳಗೆ ಕೂರಿಸಿಕೊಡಿ’ ಅಂದರೆ ನಾನು ಕೂರಿಸುವುದಿಲ್ಲ. ಎಷ್ಟು ಪರಿಚಯದವರಾದರೂ ಇಲ್ಲ. ಕಿಟಕಿ ತೆರೆದಿಟ್ಟುಕೊಳ್ಳುತ್ತೇವೆ ಅನ್ನಬೇಡಿ, ನಮ್ಮ ಮಳೆಯಲ್ಲಿ ಯಾರು ಕಿಟಕಿ ತೆರೆದಿಡುತ್ತಾರೆ?

ಸಮಯ ಮುಗಿಯುತ್ತ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ.

ಬಿಸಿನೀರಿನ ಟ್ಯಾಂಕ್ ಎಷ್ಟು ದೊಡ್ಡದು ಬೇಕು? ಇಬ್ಬರಿದ್ದರೆ 10 ಲೀಟರ್ ಸಾಕು. 70 ಡಿಗ್ರಿಗೆ ಕಾಸಿದ 10 ಲೀಟರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ 30 ಲೀಟರ್ ಆಗುತ್ತದೆ, ಅಂದರೆ ಎರಡು ಬಕೆಟ್. ಅಷ್ಟನ್ನು ಬ್ಯಾಟರಿಯಲ್ಲಿ ಕಾಸಲು ಹೋಗಬೇಡಿ, ಸುಮಾರು ಅರ್ಧ ಯೂನಿಟ್ ಕರೆಂಟ್ ಬೇಕು, 100 ಆಂಪಿಯರ್ ಅವರ್‌ನ ಮಾಮೂಲಿ ಬ್ಯಾಟರಿ ಅಲ್ಲಿಗೇ ಸುಸ್ತು. ರಾತ್ರಿ ಎಲ್ಲಾದರೂ ಕರೆಂಟ್ ಪ್ಲಗ್ ಸಿಗುವ ಕಡೆ ತಂಗುವವರಿಗೆ ಮಾತ್ರ ಕರೆಂಟ್ ಗೀಸರ್.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಂಜಿನ್ ಬಿಸಿ. ಎಂಜಿನ್ ತಣ್ಣಗಿಡುವ ನೀರು 80–90 ಡಿಗ್ರಿ ಇರುತ್ತದೆ. ಆ ಕೊಳವೆಯನ್ನು ಟ್ಯಾಂಕಿನೊಳಗೆ ಸುರುಳಿಯಾಗಿ ಹಾಯಿಸಿದರೆ, ಕುಮಟೆ ಬಿಟ್ಟು ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಸ್ನಾನಕ್ಕೆ ನೀರು ತಯಾರು. ಬೇರೆ ಬೆಂಕಿ ಹಚ್ಚುವುದೇ ಬೇಡ, ಎಂಜಿನ್ ಹೊಗೆ ಹೇಗೂ ಸೈಲೆನ್ಸರಿನಿಂದ ಹೊರಗೆ. ಗಾಡಿ ನಿಲ್ಲಿಸಿದ ಮೇಲೆ ಸುಮ್ನೆ ನೀರಿಗೋಸ್ಕರ ಎಂಜಿನ್ ಓಡಿಸುತ್ತ ಕೂರಬೇಡಿ, ಅಷ್ಟೇ.

ಸೇಫ್ಟಿ ವಾಲ್ವ್ ಇಲ್ಲದ ಟ್ಯಾಂಕ್ ಬೇಡ. ಬೇಸಿಗೆಯಲ್ಲಿ ಕಡಲ ಬದಿಯ ಬಾವಿ ಉಪ್ಪಾಗುತ್ತದೆ, ಆ ನೀರು ತುಂಬಿಸಿದರೆ ಟ್ಯಾಂಕ್ ತುಕ್ಕು ಹಿಡಿಯುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಗೆ ತಳದಲ್ಲೇ ಹೊರಗೆ ತೆರೆಯುವ ಕಿಂಡಿ ಇರಲಿ, ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಮಲಗುವ ಕಡೆ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ.

ಇನ್ನೊಂದೇ ಮಾತು. ಮಳೆಗಾಲದಲ್ಲಿ ವ್ಯಾನ್ ನಾಲ್ಕು ತಿಂಗಳು ನಿಂತಿರುತ್ತದೆ. ಆಗ ಕುಂಬಾರ ಹುಳ ಹುಡುಕಿಕೊಂಡು ಬಂದು ಮಣ್ಣಿನ ಗೂಡು ಕಟ್ಟುವುದು ಹೀಟರಿನ ಹೊಗೆ ಕೊಳವೆಯಂಥ ತೂತುಗಳಲ್ಲೇ. ನವರಾತ್ರಿ ಹೊತ್ತಿಗೆ ಗಾಡಿ ಹೊರಗೆ ತೆಗೆದಾಗ, ಹೀಟರ್ ಹಚ್ಚುವ ಮೊದಲು ಆ ಹೊಗೆ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಭಾವ ಈಗ ಪ್ರತಿ ಸಲವೂ ನೋಡುತ್ತಾರೆ. ಟಾರ್ಚ್ ಹಿಡಿಯುವುದು ಅವರ ಮಗಳು.

ನಮಸ್ಕಾರ.