ಗೀಟು ಎಳೆದರೆ ವಿಲ್ ರದ್ದಾಗಲ್ಲ

ನಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಹಳೇ ವಿಲ್ ಸಿಕ್ಕಿತು. ಮೊದಲ ಪುಟದ ಮೇಲೆ ನೀಲಿ ಶಾಯಿಯಲ್ಲಿ ಮೂಲೆಯಿಂದ ಮೂಲೆಗೆ ಗೀಟು, ಪಕ್ಕದಲ್ಲಿ 'ರದ್ದು' ಅಂತ ಅವರದೇ ಅಕ್ಷರ, ಕೆಳಗೆ ಸಹಿ. ವಕೀಲರು ಕಾಗದ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಸಾಕ್ಷಿಗಳ ಸಹಿ ಎಲ್ಲಿ?" ಇರಲಿಲ್ಲ. ದೊಡ್ಡಪ್ಪ ಬೇಡ ಅಂದಿದ್ದ ವಿಲ್ಲೇ ಉಳಿದುಕೊಂಡಿತು.

1877ರಲ್ಲಿ ಇಂಗ್ಲೆಂಡಿನಲ್ಲೂ ಇದೇ ಆಗಿತ್ತು. ಒಬ್ಬರು ವಿಲ್ ಮೇಲೆ ಗೀಟು ಎಳೆದು, ಹಿಂದೆ 'ಇದೆಲ್ಲ ರದ್ದು' ಅಂತ ಬರೆದು, ರದ್ದಿ ಕಾಗದದ ರಾಶಿಗೆ ಎಸೆದರು. ಕೆಲಸದಾಕೆ ಅದನ್ನು ಎತ್ತಿ ಅಡುಗೆಮನೆಯಲ್ಲಿಟ್ಟಳು. ಅವರು ಸತ್ತ ಮೇಲೆ ಕೋರ್ಟು ಆ ವಿಲ್ ಇನ್ನೂ ಜೀವಂತ ಅಂದಿತು. ರದ್ದು ಮಾಡುವ ಮನಸ್ಸೂ ಇರಬೇಕು, ಕಾಗದ ನಿಜವಾಗಿ ನಾಶವೂ ಆಗಬೇಕು, ಒಂದೇ ಇದ್ದರೆ ಸಾಲದು.

ನಮ್ಮ 1925ರ ಉತ್ತರಾಧಿಕಾರ ಕಾಯ್ದೆಯ 70ನೇ ಸೆಕ್ಷನ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಹೊಸ ವಿಲ್ ಬರೆಯಿರಿ, ಇಲ್ಲಾ ಇಬ್ಬರು ಸಾಕ್ಷಿಗಳನ್ನಿಟ್ಟು ರದ್ದುಪತ್ರ ಬರೆಯಿರಿ, ಅದೂ ಬೇಡ ಅಂದರೆ ರದ್ದು ಮಾಡಬೇಕು ಅಂತಲೇ ಹರಿದುಹಾಕಿ, ಸುಟ್ಟುಹಾಕಿ. ಬೇರೆಯವರು ಹರಿಯುವುದಾದರೆ ನಿಮ್ಮ ಕಣ್ಣೆದುರೇ, ನೀವು ಹೇಳಿದ ಮೇಲೇ ಹರಿಯಬೇಕು. ರಿಜಿಸ್ಟರ್ ಆದ ವಿಲ್ ಅಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ ಅಂತ ತುಂಬಾ ಜನ ನಂಬಿದ್ದಾರೆ, ಅದು ತಪ್ಪು. ಆಮೇಲೆ ಸರಿಯಾಗಿ ಬರೆದ ವಿಲ್ ರಿಜಿಸ್ಟರ್ ಆಗದಿದ್ದರೂ ಅದೇ ನಿಲ್ಲುತ್ತದೆ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ದಾನಪತ್ರದ ವಿಷಯದಲ್ಲಿ. ವಿಲ್ಲನ್ನು ಬದುಕಿರುವ ತನಕ, ಬುದ್ಧಿ ಸರಿ ಇರುವ ತನಕ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ದಾನಪತ್ರ ಹಾಗಲ್ಲ, ಆಸ್ತಿ ಅವತ್ತೇ ಕೈಬಿಟ್ಟು ಹೋಗುತ್ತದೆ. ಮನಸ್ಸು ಬದಲಾಯ್ತು ಅಂತ ಸುಮ್ನೆ ವಾಪಸ್ ಕೇಳೋಕೆ ಆಗಲ್ಲ. "ಎಲ್ಲಾ ಒಂದೇ ಅಮ್ಮಾ, ಸಹಿ ಹಾಕು" ಅಂತ ಮಕ್ಕಳು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗುತ್ತಾರಲ್ಲ, ಅದು ಮೋಸ. ಒಂದು ದಾರಿ ಇದೆ: 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್. ನನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟು, ಮಕ್ಕಳು ನೋಡಿಕೊಳ್ಳದಿದ್ದರೆ, ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಹತ್ತಿರ ಅರ್ಜಿ ಹಾಕಿ ಆ ಪತ್ರವನ್ನು ರದ್ದು ಮಾಡಿಸಬಹುದು.

ಆದರೆ ಆ ಷರತ್ತು ಪತ್ರದಲ್ಲೇ ಇರಲಿ, ಬಾಯಿಮಾತಿನಲ್ಲಿ ಬೇಡ. ಪತ್ರ ಬರೆಯುವವರಿಗೆ ಹೇಳಿ ಆ ಒಂದು ಸಾಲು ಸೇರಿಸಿ, ಅಮ್ಮನಿಗೆ ಗಟ್ಟಿಯಾಗಿ ಓದಿಸಿ ಕೇಳಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ.